ಕಂಪ್ಯೂಟರ್ ಒಡೆಯುವ ಹುಲಗಮ್ಮ

ಕರೆಂಟು ಹೋದಾಗ ಅಬೇದಾಬಿ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದಳು. ಹಿಂದಿನ ಗೋಡೆಗೆ ಕೂಡಿಸಿದ್ದ, ಹೊಗೆ ಹೊರಗೆಳೆಯುವ ದೊಡ್ಡ ಫ್ಯಾನು ನಿಧಾನವಾಗುತ್ತ ಬಂದು ನಿಂತೇಹೋಯಿತು. ಒಳಗೆ ತೇಜಾಬಿನ, ಎಂದರೆ ಆಸಿಡ್ಡಿನ ಟಬ್ಬಿನ ಎದುರು ಕುಕ್ಕರಗಾಲಲ್ಲಿ ಕುಳಿತಿದ್ದ ಹುಲಗಮ್ಮ, ಮೂಗಿಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಕೆಳಗೆ ಸರಿಸಿ ಕೇಳಿದಳು.

"ಅಕ್ಕಾ, ಫ್ಯಾನ್ ನಿಂತೈತಿ. ಕರೆಂಟ್ ಬರೂತನ ತಡಿಯೂಣೇನು?"

ಅಬೇದಾಬಿ ರಸ್ತೆಯ ಕಡೆ ನೋಡಿದಳು. ಮಾಲು ಒಯ್ಯುವವನು ಹೊಸಪೇಟೆಯಿಂದ ಸಂಜೆಯೊಳಗೆ ಬರುತ್ತೇನೆಂದಿದ್ದ. ಹೋದ ಸಲವೂ ಅವನನ್ನು ಬರಿಗೈಯಲ್ಲಿ ಕಳಿಸಿದ್ದಾಗಿತ್ತು.

"ಇದೊಂದು ಬುಟ್ಟಿ ಹಾಕಿಬಿಡು. ಬಾಗ್ಲಾ ತೆರದೈತಲ್ಲ, ಹೊಗಿ ಹೊರಗ ಹೋಗ್ತೈತಿ."

ಹುಲಗಮ್ಮ ಬಟ್ಟೆಯನ್ನು ಮತ್ತೆ ಮೂಗಿನ ಮೇಲೆಳೆದುಕೊಂಡು ಬುಟ್ಟಿಯನ್ನು ಟಬ್ಬಿಗೆ ಸುರಿದಳು.

ಗಿಣಿಗೇರಾದ ಊರ ಹೊರಗೆ, ಕಾರ್ಖಾನೆಗಳ ಕರಿ ಧೂಳು ಕೂತ ಹೊಲಗಳ ಅಂಚಿಗೆ ಇತ್ತು ಆ ತಗಡಿನ ಶೆಡ್ಡು. ಜಾಗ ಕೊಟ್ರಬಸಪ್ಪನದು, ಕೆಲಸ ಅಬೇದಾಬಿಯದು. ಕೆಟ್ಟುಹೋದ ಕಂಪ್ಯೂಟರು, ಟಿ.ವಿ., ಮೊಬೈಲುಗಳನ್ನು ಗುಜರಿಯವರಿಂದ ತರಿಸಿ, ಒಡೆದು, ತಾಮ್ರ ಬೇರೆ, ಅಲ್ಯುಮಿನಿಯಂ ಬೇರೆ ಮಾಡಿ, ಒಳಗಿನ ಹಸಿರು ಹಲಗೆಗಳ ಅಂಚಿಗೆ ಹಚ್ಚಿರುವ ಚಿನ್ನದ ಲೇಪವನ್ನು ತೇಜಾಬಿನಲ್ಲಿ ಬಿಡಿಸಿ ತೆಗೆಯುವುದು ಅಲ್ಲಿಯ ಕಸುಬು. ಅಬೇದಾಬಿಗೆ ಇದು ತೀರ ಹೊಸದೇನಲ್ಲ. ಅವಳ ಅಪ್ಪ ನೂರಸಾಬ ಗಂಗಾವತಿಯ ಅಕ್ಕಸಾಲಿಗರ ಓಣಿಯಲ್ಲಿ ಜಾಲಗಾರನಾಗಿದ್ದವನು. ಬಂಗಾರದ ಅಂಗಡಿಗಳ ಮುಂದಿನ ಕಸ ಗುಡಿಸಿ, ಗಟಾರದ ಕೆಸರು ಬಳಿದು ತಂದು, ತೊಳೆದು ತೊಳೆದು ಅದರೊಳಗಿನ ಬಂಗಾರದ ಪುಡಿ ಹುಡುಕುವುದು ಅವರ ಮನೆತನದ ಕೆಲಸ. ತೊಂಬತ್ತೇಳರಲ್ಲೋ ತೊಂಬತ್ತೆಂಟರಲ್ಲೋ ಗುಜರಿಯವನೊಬ್ಬ ಹಳೆ ಟೆಲಿಫೋನ್ ಯಂತ್ರದ ಹಲಗೆಗಳನ್ನು ತಂದು ನೂರಸಾಬನ ಮುಂದೆ ಸುರಿದು, "ಇದ್ರಾಗೂ ಬಂಗಾರ ಐತಂತ, ನೋಡ್ರಿ ಚಾಚಾ" ಎಂದಿದ್ದ. ನೂರಸಾಬ ನೋಡಿದ. ಇತ್ತು. ಆದರೆ ಅದಕ್ಕೆ ತೇಜಾಬು ಬೇಕು ಎಂದು ತಿಳಿದದ್ದೇ ಹಲಗೆಗಳನ್ನು ಕಟ್ಟಿ ಹಿಂದಕ್ಕೆ ಕಳಿಸಿಬಿಟ್ಟ. ಯಾಕೆ ಎಂದು ಮಗಳಿಗೂ ಹೇಳಲಿಲ್ಲ.

ಮಗಳು ಮಾತ್ರ ಅದನ್ನು ಮರೆಯಲಿಲ್ಲ. ಗಂಡ ತೀರಿಹೋಗಿ, ಅಪ್ಪನಿಗೂ ಕಣ್ಣು ಮಂಜಾಗಿ, ಓಣಿಯ ಅಂಗಡಿಗಳವರೆಲ್ಲ ಕಸವನ್ನು ತಾವೇ ಜೋಪಾನ ಮಾಡಿಡತೊಡಗಿದ ಮೇಲೆ ಅವಳು ಅಪ್ಪನೊಂದಿಗೆ ಗಿಣಿಗೇರಾಕ್ಕೆ ಬಂದು ಬಾಡಿಗೆ ಮನೆ ಹಿಡಿದಳು. ಕಾರ್ಖಾನೆಗಳ ಗುಜರಿ ಸಾಗಿಸುತ್ತಿದ್ದ ಕೊಟ್ರಬಸಪ್ಪ ಜಾಗ ಕೊಟ್ಟು ಪಾಲುದಾರನಾದ. ಸರಕಾರದ ಅನುಮತಿ ಬೇಕೆಂದು ಅವಳು ಅಂದಾಗಲೆಲ್ಲ, "ಮೊದ್ಲ ಕೆಲಸ ನಡೀಲಿ, ಆಮ್ಯಾಲ ಎಲ್ಲಾ ಮಾಡಿಸೂಣು" ಎನ್ನುತ್ತಿದ್ದ. ಹಾಗೆ ಎರಡು ಬೇಸಿಗೆ ಕಳೆದಿದ್ದವು.

ಹುಲಗಮ್ಮ ಗಿಣಿಗೇರಾದವಳೇ. ಅವಳ ಗಂಡ ಯಮನೂರ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಶೆಡ್ಡಿಗೆ ಬಂದ ಹೊಸತರಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಬಾರದೆ ತಾನೇ ನಕ್ಕಿದ್ದಳು. ಈಗ ಕಂಪ್ಯೂಟರಿನ ಪೆಟ್ಟಿಗೆಯನ್ನು ಬದನೆಕಾಯಿ ಹೆಚ್ಚಿದಷ್ಟು ಸಲೀಸಾಗಿ ಬಿಡಿಸಿ ಹರವುತ್ತಿದ್ದಳು. ಉಳಿದ ಹೆಣ್ಣುಮಕ್ಕಳು ತೇಜಾಬೆಂದರೆ ಹೆದರುತ್ತಿದ್ದರು. ಹಾಗಾಗಿ ಆ ಕೆಲಸವೂ ಅವಳ ಪಾಲಿಗೇ ಬಂದಿತ್ತು.

ಆ ದಿನದ ಬುಟ್ಟಿಯನ್ನು ಯಾರೂ ಸರಿಯಾಗಿ ಆರಿಸಿರಲಿಲ್ಲ. ಹಲಗೆಗಳ ಜೊತೆಗೆ ದಪ್ಪ ತಾಮ್ರದ ತುಂಡುಗಳೂ ಬಿದ್ದಿದ್ದವು. ತಾಮ್ರ ತಾಗಿದ್ದೇ ತಡ ತೇಜಾಬು ಕೊತಕೊತ ಕುದಿಯಿತು. ಟಬ್ಬಿನಿಂದ ಇಟ್ಟಿಗೆಪುಡಿಯ ಬಣ್ಣದ ಕೆಂಪು ಹೊಗೆ ಎದ್ದಿತು. ಅದು ಮೇಲೆ ಹೋಗಲಿಲ್ಲ. ಟಬ್ಬಿನ ಅಂಚು ದಾಟಿ ಕೆಳಗಿಳಿದು, ಕುಳಿತಿದ್ದ ಹುಲಗಮ್ಮನ ಎದೆಯ ಮಟ್ಟಕ್ಕೆ ತುಂಬಿಕೊಂಡಿತು.

"ಹುಲಗಮ್ಮಾ, ಬಿಟ್ಟು ಹೊರಗ ಬಾ!" ಅಬೇದಾಬಿ ಕೂಗಿದಳು.

ಹುಲಗಮ್ಮ ಬರಲಿಲ್ಲ. ಮಾಲು ಕೆಟ್ಟುಹೋದೀತೆಂದು ಇಕ್ಕಳದಿಂದ ತಾಮ್ರದ ತುಂಡುಗಳನ್ನು ಎತ್ತಿ ಎತ್ತಿ ನೀರಿನ ಬಕೀಟಿಗೆ ಹಾಕುತ್ತಿದ್ದಳು. ಅಬೇದಾಬಿ ಉಸಿರು ಬಿಗಿಹಿಡಿದು ಒಳಗೆ ನುಗ್ಗಿ, ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಹೊರಬಂದಳು. ಬೇವಿನ ಮರದ ಕೆಳಗೆ ಹುಲಗಮ್ಮ ಬಗ್ಗಿ ಕೆಮ್ಮಿದಳು. ಕಣ್ಣು ಮೂಗಿನಿಂದ ನೀರು ಸುರಿಯಿತು. ಹೆಣ್ಣುಮಕ್ಕಳು ಓಡಿ ಬಂದು ಮುಖ ತೊಳೆಸಿದರು, ಬೆನ್ನು ನೀವಿದರು. ಸ್ವಲ್ಪ ಹೊತ್ತಿಗೆ ಕೆಮ್ಮು ಇಳಿಯಿತು.

"ದವಾಖಾನಿಗೆ ಹೋಗೂಣು ನಡಿ" ಎಂದಳು ಅಬೇದಾಬಿ.

"ಏನಾಗಿಲ್ಲ ಬಿಡಕ್ಕಾ. ಮೆಣಸಿನಕಾಯಿ ಘಾಟು ಬಡದಂಗ ಆತು, ಅಷ್ಟ." ಹುಲಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಇವತ್ತು ಹುಣ್ಣಿವಿ. ನಾ ಉಪವಾಸ ಅದೀನಿ. ಶಾಂತಕ್ಕನ ಸಂಗಾಟ ಹುಲಿಗಿಗೆ ಹೋಗಿ ಅಮ್ಮನ ಉಡಿ ತುಂಬಿ ಬರ್ತೀನಿ. ನಿನ್ನ ಟಬ್ಬು ನಾಳೆ ನೋಡಿಕೊಳ್ತೀನಿ, ಯಾರಿಗೂ ಮುಟ್ಟಾಕ ಬಿಡಬ್ಯಾಡ."

ಶಾಂತಕ್ಕ ಅವಳ ಪಕ್ಕದ ಮನೆಯವಳು. ಇಬ್ಬರೂ ಟಂಟಂ ಹತ್ತಿ ಹೋದರು. ಅಬೇದಾಬಿಗೆ ಜೀವ ತಣ್ಣಗಾಯಿತು. ಹಾಗೆ ಸಮಾಧಾನವಾದದ್ದಕ್ಕೆ ಒಳಗೊಳಗೇ ನಾಚಿಕೆಯೂ ಆಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೂರಸಾಬ ಮಗಳಿಗೆ ಊಟದ ಡಬ್ಬಿ ಹಿಡಿದುಕೊಂಡು ಬಂದ. ಶೆಡ್ಡಿನ ಬಾಗಿಲಲ್ಲೇ ನಿಂತು ಮೂಗರಳಿಸಿದ.

"ಏನಾತು ಇಲ್ಲಿ?"

ಅಬೇದಾಬಿ ಹೇಳಿದಳು. ಸಣ್ಣದೊಂದು ಮಾತೆಂಬಂತೆ ಹೇಳಲು ನೋಡಿದಳು.

"ಹೊಗಿ ಯಾವ ಬಣ್ಣ ಇತ್ತು?"

"ಕೆಂಪು."

"ಆಕಿ ಅದ್ರಾಗ ಕುಂತಿದ್ಲಾ?"

"ಕುಂತಿದ್ಲು ಅಬ್ಬಾ. ಆದ್ರ ಈಗ ಅರಾಮ ಅದಾಳ. ನಕ್ಕೋತ ಹೋದ್ಲು."

ನೂರಸಾಬ ಡಬ್ಬಿಯನ್ನು ನೆಲಕ್ಕಿಟ್ಟ. "ನಿಮ್ಮ ಕಾಕಾ ರಾಜಾಸಾಬ ಹೆಂಗ ಸತ್ತ, ಗೊತ್ತೇನು ನಿನಗ?"

"ಎದಿ ಒಡದು ಅಂತ ನೀವ ಹೇಳಿದ್ರಿ."

"ಅಲ್ಲ. ಅಂಗಡಿಯೊಂದರ ಹಿಂದಿನ ಖೋಲಿಯಾಗ ತೇಜಾಬು ಕಾಸಾಕತ್ತಿದ್ದ. ಇದ ಕೆಂಪು ಹೊಗಿ. ಕೆಮ್ಮಿದ, ಆಮ್ಯಾಲ ಕೆಮ್ಮು ನಿಂತಿತು. ಮನಿಗೆ ಬಂದು ರೊಟ್ಟಿ ಉಂಡ. ನನ್ನ ಸಂಗಾಟ ಮಸ್ಕಿರಿ ಮಾಡಿಕೋತ ಮಲಗಿದ. ಬೆಳಗಾಗೋದ್ರಾಗ ಉಸಿರು ಬರವಲ್ದು. ಬಾಯಾಗ ಕೆಂಪಗ ನೊರಿ. ನೀರಾಗ ಮುಳುಗಿದಾಂವ ಒದ್ದಾಡ್ದಂಗ ಹಾಸಿಗಿ ಮ್ಯಾಲ ಒದ್ದಾಡಿ ಹೋದ." ನೂರಸಾಬ ಟಬ್ಬಿನ ಕಡೆ ಕೈ ತೋರಿಸಿದ. "ಅದು ಮೊದ್ಲ ಏನೂ ಮಾಡಂಗಿಲ್ಲ ಬೇಟಿ. ಒಳಗ ಹೋಗಿ ಕುಂತಿರ್ತೈತಿ. ತಡಾ ಮಾಡಿ ಹಿಡೀತೈತಿ. ಎಲ್ಲಿ ಹೋಗ್ಯಾಳ ಆಕಿ?"

ಹುಣ್ಣಿಮೆಯ ಹುಲಿಗಿ! ಅಮ್ಮನ ಗುಡಿಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಹುಲಗಮ್ಮನ ಹತ್ತಿರ ಫೋನಿಲ್ಲ. ಮನೆಗೊಂದೇ ಫೋನು, ಅದು ಯಮನೂರನ ಜೇಬಿನಲ್ಲಿ. ಅಬೇದಾಬಿ ಅವನಿಗೆ ಫೋನ್ ಹಚ್ಚಿದಳು, ಎತ್ತಲಿಲ್ಲ. ಕೆಲಸದ ಹೊತ್ತಿನಲ್ಲಿ ಅವರ ಫೋನುಗಳೆಲ್ಲ ಗೇಟಿನಲ್ಲೇ ಇರುತ್ತವೆ. ಕೊಟ್ರಬಸಪ್ಪನಿಗೆ ಹಚ್ಚಿದಳು.

"ಅಣ್ಣಾರ, ನಿಮ್ಮ ಜೀಪು ಬೇಕಾಗಿತ್ರಿ. ಹುಲಗಮ್ಮನ್ನ ಹುಡುಕಿ ದವಾಖಾನಿಗೆ ಒಯ್ಯಬೇಕು."

"ಯಾಕ, ಏನಾಗೇತಿ?"

ಅವಳು ಹೇಳಿದಳು.

"ನಡಕೋತ ಹೋಗ್ಯಾಳ, ನಕ್ಕೋತ ಹೋಗ್ಯಾಳ ಅಂತ ನೀನ ಹೇಳಾಕತ್ತಿ. ಮತ್ಯಾಕ ಊರೆಲ್ಲಾ ಎಬ್ಬಸ್ತಿ? ನಿಮ್ಮಪ್ಪಗ ವಯಸ್ಸಾಗೇತಿ, ಏನೇನರ ಮಾತಾಡ್ತಾನ. ಜೀಪು ಯಲಬುರ್ಗಿಗೆ ಹೋಗೇತಿ. ನಾಳೆ ನೋಡೂಣು."

ಅಬೇದಾಬಿ ಫೋನಿಟ್ಟು ಗಾಳೆಪ್ಪನಿಗೆ ಹಚ್ಚಿದಳು. ಗಾಳೆಪ್ಪ ಶೆಡ್ಡಿಗೆ ಗುಜರಿ ತಂದು ಹಾಕುವ ಗೂಡ್ಸ್ ಗಾಡಿಯವನು. ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತಿದ್ದವನು ಅರ್ಧಕ್ಕೇ ಬಿಟ್ಟು ಬಂದ.

ಹುಲಿಗಿಯ ದಾರಿ ತುಂಬ ಜನ. ಟ್ರ್ಯಾಕ್ಟರುಗಳಲ್ಲಿ, ಟಂಟಂಗಳಲ್ಲಿ, ತಲೆಯ ಮೇಲೆ ಬುಟ್ಟಿ ಹೊತ್ತು ನಡೆದುಕೊಂಡು. ಗಾಳೆಪ್ಪ ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ರೈಲ್ವೆ ಗೇಟಿನ ಹತ್ತಿರ ಬಂದಾಗ ಗೇಟು ಬಿದ್ದಿತ್ತು. ಅದಿರು ತುಂಬಿದ ಗೂಡ್ಸ್ ರೈಲು ನಿಧಾನವಾಗಿ, ಮುಗಿಯುವುದೇ ಇಲ್ಲವೆಂಬಂತೆ ಸಾಗುತ್ತಿತ್ತು. ಡಬ್ಬಿಯ ಹಿಂದೆ ಡಬ್ಬಿ. ಅಬೇದಾಬಿ ಗಾಡಿಯಲ್ಲಿ ಕೂರಲಾರದೆ ಇಳಿದು ಗೇಟಿನ ಕಂಬಿ ಹಿಡಿದು ನಿಂತಳು. ರೈಲು ದಾಟಿದರೂ ಎರಡೂ ಕಡೆಯ ಗಾಡಿಗಳು ಮುಖಾಮುಖಿಯಾಗಿ ಸಿಕ್ಕಿಕೊಂಡವು.

"ನೀ ಹಿಂದಿಂದ ಬಾ, ಗಾಡಿ ಹೊಳಿ ದಾರ್ಯಾಗ ತಂದು ನಿಲ್ಲಸು" ಎಂದು ಗಾಳೆಪ್ಪನಿಗೆ ಹೇಳಿ ಅವಳು ಬುರ್ಖಾ ಎತ್ತಿಹಿಡಿದು ಓಡಿದಳು.

ಗುಡಿಯ ಹತ್ತಿರ, ಕಳೆದುಹೋದವರ ಹೆಸರು ಕೂಗುವ ಮೈಕಿನ ಚಪ್ಪರವಿತ್ತು. ಅಬೇದಾಬಿ ಏದುಸಿರು ಬಿಡುತ್ತ ಅಲ್ಲಿಗೆ ಹೋಗಿ, "ಹುಲಗಮ್ಮ ಅಂತ, ಸ್ವಲ್ಪ ಕೂಗ್ರಿ ಅಣ್ಣಾ, ಜೀವದ ಪ್ರಶ್ನಿ ಐತಿ" ಎಂದಳು. ಮೈಕಿನವನು ಕೂಗಿದ. ಸ್ವಲ್ಪ ಹೊತ್ತಿಗೆ ಚಪ್ಪರದ ಮುಂದೆ ಹೆಂಗಸರ ಗುಂಪೇ ನೆರೆಯಿತು. ಹಣೆ ತುಂಬ ಭಂಡಾರ ಬಳಿದುಕೊಂಡ ಮುದುಕಿ ಹುಲಗಮ್ಮ, ಕಂಕುಳಲ್ಲಿ ಕೂಸಿದ್ದ ಹುಲಗಮ್ಮ, ಕುಷ್ಟಗಿ ಕಡೆಯ ಹುಲಗಮ್ಮ, ಗಂಡನ ಕೈ ತಪ್ಪಿ ಅಳುತ್ತಿದ್ದ ಹೊಸ ಮದುವೆಯ ಹುಲಗಮ್ಮ.

ಮೈಕಿನವನು ತಲೆ ಕೆರೆದುಕೊಂಡ. "ಬೂಬಮ್ಮಾರ, ಹುಲಗಮ್ಮ ತಾಯಿ ಊರಾಗ ಹುಲಗಮ್ಮ ಅಂದ್ರ ಯಾರ ಬರಬೇಕ್ರಿ? ಗುರುತು ಹೇಳ್ರಿ."

"ಗಿಣಿಗೇರಾದಾಕಿ. ಯಮನೂರನ ಹೇಣ್ತಿ."

"ಗಿಣಿಗೇರಾದಿಂದ ಅರ್ಧ ಊರ ಬಂದೈತಿ. ಮತ್ತೇನರ?"

ಅಬೇದಾಬಿ ಸುತ್ತ ನೋಡಿದಳು. ಶೆಡ್ಡಿನಲ್ಲಿ ನಡೆಯುವುದನ್ನು ಹೊರಗೆ ಯಾರ ಮುಂದೆಯೂ ಆಡಬಾರದೆಂದು ಕೊಟ್ರಬಸಪ್ಪ ಎಲ್ಲರಿಗೂ ಕಟ್ಟಪ್ಪಣೆ ಮಾಡಿದ್ದ.

"ಕಂಪ್ಯೂಟರ್ ಒಡಿಯೋ ಹುಲಗಮ್ಮ ಅಂತ ಕೂಗ್ರಿ" ಎಂದಳು.

"ಗಿಣಿಗೇರಾದ, ಕಂಪ್ಯೂಟರ್ ಒಡೆಯುವ ಹುಲಗಮ್ಮ ಎಲ್ಲಿದ್ದರೂ ಮೈಕಿನ ಹತ್ತಿರ ಬರಬೇಕು! ಕಂಪ್ಯೂಟರ್ ಒಡೆಯುವ ಹುಲಗಮ್ಮ!"

ಜನ ಗೊಳ್ಳೆಂದು ನಕ್ಕರು. ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿಸಿದಳು. ಆಗ ಜನರ ನಡುವಿನಿಂದ ಒಬ್ಬ ಹೆಂಗಸು ತಳ್ಳಿಕೊಂಡು ಬಂದಳು. ಶಾಂತಕ್ಕ! ಅವಳ ಮುಖ ಬಾಡಿತ್ತು.

"ಅಕ್ಕಾರ, ನೀವಾ? ಛಲೋ ಆತು ಬಂದಿದ್ದು. ಜಳಕಾ ಮಾಡಿ ಮ್ಯಾಲ ಬಂದಾಳ, ನಡಿಯಾಕ ಆಗವಲ್ದು ಅಂತ ಹೊಳಿ ಮೆಟ್ಟಲ ಮ್ಯಾಲ ಕುಂತುಬಿಟ್ಟಾಳ. ಉಪವಾಸಕ್ಕ ಹಿಂಗಾಗೇತಿ ಅಂತಾಳ. ಪ್ರಸಾದ ತರಾಕ ಬಂದಿದ್ದೆ."

ಇಬ್ಬರೂ ಹೊಳೆಯ ಕಡೆ ಓಡಿದರು. ತುಂಗಭದ್ರೆಯ ಮೇಲೆ ಇಳಿಬಿಸಿಲು ಬಿದ್ದಿತ್ತು. ಮೆಟ್ಟಿಲುಗಳ ಮೇಲೆ ಒದ್ದೆ ಸೀರೆಗಳು, ತೆಂಗಿನಕಾಯಿ ಚಿಪ್ಪುಗಳು, ಜನರ ಗದ್ದಲ. ಒಂದು ಬದಿಗೆ ಹುಲಗಮ್ಮ ಎರಡೂ ಕೈ ಮೊಣಕಾಲಿಗೆ ಊರಿ, ಮುಂದಕ್ಕೆ ಬಾಗಿ ಕುಳಿತಿದ್ದಳು. ಒದ್ದೆ ಕೂದಲು ಮುಖಕ್ಕೆ ಅಂಟಿತ್ತು. ಪ್ರತಿ ಉಸಿರಿಗೂ ಹೆಗಲು ಮೇಲೇರಿ ಇಳಿಯುತ್ತಿತ್ತು. ಅಬೇದಾಬಿಯನ್ನು ನೋಡಿ ಅವಳಿಗೆ ಆಶ್ಚರ್ಯವಾಯಿತು.

"ನೀ... ಯಾಕ ಬಂದಿ... ಅಕ್ಕಾ?"

ಒಂದು ಮಾತಿಗೆ ಮೂರು ಸಲ ಉಸಿರೆಳೆದುಕೊಂಡಳು. ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು.

"ಎದ್ದೇಳು. ಕೊಪ್ಪಳಕ್ಕ ಹೋಗೂಣು."

"ಉಡಿ ತುಂಬಿಲ್ಲ... ಇನ್ನಾ..."

"ಅಮ್ಮ ಎಲ್ಲಿ ಹೋಗ್ತಾಳ? ಇಲ್ಲೇ ಇರ್ತಾಳ. ಏಳು ನನ ತಾಯಿ, ಏಳು."

ಇಬ್ಬರೂ ಎರಡು ಕಡೆ ಹಿಡಿದು ಎಬ್ಬಿಸಿದರು. ಹತ್ತು ಹೆಜ್ಜೆಗೆ ಅವಳ ಕಾಲು ಮಡಚಿತು. ಪಕ್ಕದಲ್ಲಿ ಮೀಸೆಯ ಮುದುಕನೊಬ್ಬ ತನ್ನ ಕಂಬಳಿ ಹಾಸಿಕೊಟ್ಟ. ಮೂರ್ನಾಲ್ಕು ಗಂಡಸರು ಅವಳನ್ನು ಅದರಲ್ಲಿ ಹೊತ್ತು ಗಾಡಿಗೆ ತಂದರು. ಗಾಳೆಪ್ಪ ಗಾಡಿಯಲ್ಲಿದ್ದ ಖಾಲಿ ಮಾನಿಟರುಗಳನ್ನೆಲ್ಲ ರಸ್ತೆಯ ಬದಿಗೆ ಇಳಿಸಿ ಜಾಗ ಮಾಡಿದ್ದ.

ಮಲಗಿಸಿದರೆ ಉಸಿರು ಕಟ್ಟುತ್ತಿತ್ತು. ಅಬೇದಾಬಿ ಅವಳನ್ನು ತನ್ನ ಎದೆಗೆ ಒರಗಿಸಿ ಕೂರಿಸಿಕೊಂಡಳು. ಹುಲಗಮ್ಮನ ಬೆನ್ನೊಳಗೆ ಗುಳುಗುಳು ಸದ್ದು ತನ್ನ ಎದೆಗೇ ತಾಗುವಂತೆ ಕೇಳಿಸುತ್ತಿತ್ತು. ಕೆಮ್ಮಿದಾಗ ಬಾಯಂಚಿಗೆ ನೊರೆ ಬಂತು. ಅಬೇದಾಬಿ ಅವಳದೇ ಸೆರಗಿನಿಂದ ಒರೆಸಿದಳು. ಸೆರಗಿನ ಮೇಲೆ ತಿಳಿಗೆಂಪು ಕಲೆ.

"ಗಾಳೆಪ್ಪಾ, ಲಗೂನ ಹೊಡಿಯೋ!"

ಗಿಣಿಗೇರಾ ದಾಟುವಾಗ ಅಬೇದಾಬಿಯ ಫೋನು ರಿಂಗಾಯಿತು. ಕೊಟ್ರಬಸಪ್ಪ.

"ಮೈಕಿನ್ಯಾಗ ಕಂಪ್ಯೂಟರ್ ಕಂಪ್ಯೂಟರ್ ಅಂತ ಒದರಿಸೀಯಂತ! ತಲಿಗಿಲಿ ಕೆಟ್ಟೈತೇನು ನಿನಗ?"

"ಅಣ್ಣಾರ, ಆಕಿ ಬಾಯಾಗ ನೊರಿ ಬರಾಕತ್ತೈತಿ."

ಅವನು ತಗ್ಗಿದ ದನಿಯಲ್ಲಿ ಹೇಳಿದ. "ಕೇಳು ತಂಗಿ. ದವಾಖಾನ್ಯಾಗ ಉಪವಾಸ ಇದ್ಲು, ಬಿಸಲಾಗ ತಲಿ ತಿರುಗಿ ಬಿದ್ಲು ಅನ್ನು. ಖರೇನ ಐತಲ್ಲ ಅದು? ತೇಜಾಬಿನ ಮಾತು ಎತ್ತಬ್ಯಾಡ. ಎತ್ತಿದಿ ಅಂದ್ರ ನಾಳೆ ಶೆಡ್ಡಿಗೆ ಬೀಗ ಬೀಳ್ತೈತಿ. ಪೊಲೀಸರು ಮೊದ್ಲ ಹಿಡಿಯೋದು ನಿನ್ನ, ನನ್ನಲ್ಲ. ಜಾಗ ಅಷ್ಟ ನಂದು. ಆ ಹೆಣ್ಮಕ್ಕಳ ಹೊಟ್ಟಿ ಮ್ಯಾಲ ಯಾಕ ಹೊಡಿತಿ? ಡಾಕ್ಟರ್ರಿಗೆ ಔಷಧ ಗೊತ್ತಿರ್ತೈತಿ, ಅವರು ನೋಡಿಕೊಳ್ತಾರ."

ಅಬೇದಾಬಿ ಫೋನ್ ಇಟ್ಟಳು. ಬೀಗ, ಪೊಲೀಸರ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಿರಲಿಲ್ಲ ಎಂಬುದೇ ಅವಳನ್ನು ಹೆದರಿಸಿತು. ಶೆಡ್ಡು ಹೋದರೆ ತಾನು ಮತ್ತೆ ಅಕ್ಕಸಾಲಿಗರ ಓಣಿಯ ಗಟಾರದ ಮುಂದೆ. ಜೈಲಿಗೆ ಹೋದರೆ ಕಣ್ಣು ಮಂಜಾದ ಅಪ್ಪನಿಗೆ ಯಾರು? ಡಾಕ್ಟರರು ನೋಡಿಕೊಳ್ಳುತ್ತಾರೆ ಎಂಬ ಮಾತು ಕೊಪ್ಪಳ ಬರುವವರೆಗೂ ಅವಳ ತಲೆಯಲ್ಲಿ ಸುತ್ತಿತು. ಅದನ್ನು ನಂಬಿಬಿಡಲು ಮನಸ್ಸು ಹಾತೊರೆಯುತ್ತಿತ್ತು.

ಆಸ್ಪತ್ರೆಯಲ್ಲಿ ಹುಲಗಮ್ಮನನ್ನು ಗಾಲಿಮಂಚಕ್ಕೆ ಹಾಕಿ ಒಳಗೆ ದೂಡಿಕೊಂಡು ಹೋದರು. ಮೂಗಿಗೆ ಆಕ್ಸಿಜನ್ ಹಚ್ಚಿದರು. ಡ್ಯೂಟಿಯಲ್ಲಿದ್ದ ಡಾಕ್ಟರು ಲಲಿತಾ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು.

"ಏನಾಗೇತ್ರಿ?"

ಶಾಂತಕ್ಕನೇ ಮುಂದಾಗಿ ಹೇಳಿದಳು. "ಮುಂಜಾನಿಂದ ಉಪವಾಸ ಅದಾಳ್ರಿ. ಹೊಳ್ಯಾಗ ಜಳಕಾ ಮಾಡಿದ್ಲು. ಬಿಸಲಿಗೆ ತಲಿ ತಿರಿಗೇತ್ರಿ."

ನರ್ಸು ಹುಲಗಮ್ಮನ ಕೈಗೆ ಸೂಜಿ ಚುಚ್ಚಿ, ಸಲೈನ್ ಬಾಟಲಿಯನ್ನು ಕಂಬಕ್ಕೆ ತೂಗುಹಾಕಿದಳು. ಅಬೇದಾಬಿ ಗೋಡೆಗೆ ಆತು ನಿಂತಿದ್ದಳು. ಬಾಟಲಿಯಿಂದ ಹನಿ ಬೀಳತೊಡಗಿತು. ಡಾಕ್ಟರು ಹುಲಗಮ್ಮನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದಳು, ಸರಿಸಿ ಮತ್ತೊಂದು ಕಡೆ ಕೇಳಿದಳು. ಅವಳ ಹುಬ್ಬು ಗಂಟಾಯಿತು. ಬೆರಳಿಗೆ ಹಾಕಿದ್ದ ಸಣ್ಣ ಯಂತ್ರದ ಅಂಕಿ ನೋಡಿ ತಿರುಗಿ ನಿಂತಳು.

"ಇದು ಉಪವಾಸದಿಂದ ಆಗಿದ್ದಲ್ಲ. ಎರಡೂ ಶ್ವಾಸಕೋಶ ತುಂಬ್ಯಾವ. ಈಕಿಗೆ ಮೊದಲಿಂದ ದಮ್ಮು ಐತೇನು? ಎದಿ ಬ್ಯಾನಿ? ಏನರ ಕುಡದಾಳೇನು?"

ಶಾಂತಕ್ಕ ಅಬೇದಾಬಿಯ ಮುಖ ನೋಡಿದಳು.

"ಹೊಗಿ ಕುಡದಾಳ್ರಿ" ಎಂದಳು ಅಬೇದಾಬಿ. "ತೇಜಾಬಿಗೆ ತಾಮ್ರ ಬಿದ್ದು ಕೆಂಪು ಹೊಗಿ ಎದ್ದಿತ್ರಿ. ನೈಟ್ರಿಕ್ ಆಸಿಡ್. ಮುಂಜಾನಿ ಊಟದ ಹೊತ್ತಿನ ಮೊದ್ಲ. ನಾ ಎಳಕೊಂಡು ಬರೂತನ ಅದ್ರಾಗ ಕುಂತಿದ್ಲು. ಆಮ್ಯಾಲ ಅರಾಮ ಆಗಿದ್ಲು. ಕಂಪ್ಯೂಟರ್ ಹಲಗಿಯಿಂದ ಬಂಗಾರ ತೆಗಿಯೋ ಕೆಲಸ ನಂದು. ಫ್ಯಾನ್ ನಿಂತಿತ್ತು. ಹಾಕು ಅಂತ ನಾನ ಹೇಳಿದೆ."

"ಸಿಸ್ಟರ್, ಸಲೈನ್ ಬಂದ್ ಮಾಡ್ರಿ!" ಡಾಕ್ಟರು ಅವಳ ಮಾತು ಮುಗಿಯುವ ಮೊದಲೇ ಕೂಗಿದಳು. ತಾನೇ ಕೈ ಚಾಚಿ ನಳಿಕೆಯ ಮೇಲಿನ ಸಣ್ಣ ಗಾಲಿ ತಿರುಗಿಸಿ ಹನಿ ನಿಲ್ಲಿಸಿದಳು. "ಶ್ವಾಸಕೋಶದಾಗ ನೀರು ತುಂಬಾಕತ್ತೈತಿ. ಮ್ಯಾಲ ನಾವೂ ಏರಿಸಿದ್ರ ಮುಗೀತು. ದೊಡ್ಡ ಡಾಕ್ಟರ್ರನ್ನ ಕರೀರಿ, ವೆಂಟಿಲೇಟರ್ ತಯಾರಿಡ್ರಿ." ಆಮೇಲೆ ಅಬೇದಾಬಿಯ ಕಡೆ ನೋಡಿ, "ಹೊರಗ ಕೂಡ್ರಿ. ಎಲ್ಲೂ ಹೋಗಬ್ಯಾಡ್ರಿ, ಇನ್ನೂ ಕೇಳೋದೈತಿ" ಎಂದಳು.

ಅಬೇದಾಬಿ ಹೊರಗೆ ಬೆಂಚಿನ ಮೇಲೆ ಕುಳಿತಳು. ಬಾಗಿಲ ಆಚೆ ಓಡಾಟ, ಯಂತ್ರಗಳ ಕೀಂ ಕೀಂ ಸದ್ದು. ಕೆಲಸ ಬಿಟ್ಟ ಮೇಲೆ ಗಾಳೆಪ್ಪನ ಫೋನು ಸಿಕ್ಕು ಯಮನೂರ ಬಂದ. ಮೈಮೇಲೆ ಕಾರ್ಖಾನೆಯ ಮಸಿ ಹಾಗೇ ಇತ್ತು. ಶಾಂತಕ್ಕ ಅಳುತ್ತ ಎಲ್ಲವನ್ನೂ ಹೇಳಿದಳು. ಅವನು ಅಬೇದಾಬಿಯ ಮುಂದೆ ಬಂದು ನಿಂತ.

"ಫ್ಯಾನ್ ನಿಂತೈತಿ ಅಂತ ಆಕಿ ಹೇಳಿದ್ಲಾ?"

"ಹೇಳಿದ್ಲು."

"ಆದ್ರೂ ಹಾಕು ಅಂದ್ಯಾ?"

"ಅಂದೆ."

ಯಮನೂರನ ಕೈ ಮೇಲೆದ್ದಿತು. ಅಬೇದಾಬಿ ಸರಿಯಲಿಲ್ಲ. ಅವನು ಆ ಕೈಯನ್ನು ಗೋಡೆಗೆ ಬಡಿದು, ಬೆಂಚಿನ ಇನ್ನೊಂದು ತುದಿಗೆ ಕುಸಿದು ಕುಳಿತ. ಬೆಳಗಿನವರೆಗೂ ಇಬ್ಬರೂ ಆ ಬೆಂಚು ಬಿಟ್ಟೇಳಲಿಲ್ಲ.

ಬೆಳಗ್ಗೆ ಡಾಕ್ಟರು ಲಲಿತಾ ಹೊರಗೆ ಬಂದಳು. ಕಣ್ಣು ಕೆಂಪಾಗಿದ್ದವು. "ಯಂತ್ರ ಉಸಿರಾಡಸಾಕತ್ತೈತಿ. ಇನ್ನೂ ಏನೂ ಹೇಳಾಕ ಆಗಂಗಿಲ್ಲ. ಆದ್ರ ರಾತ್ರಿ ದಾಟ್ಯಾಳ" ಎಂದಳು. ಯಮನೂರ ಮುಖ ಮುಚ್ಚಿಕೊಂಡು ಅತ್ತ. ಅದೇ ಹೊತ್ತಿಗೆ, ಆಸ್ಪತ್ರೆಯಿಂದ ಸುದ್ದಿ ಹೋಗಿ, ಪೊಲೀಸರೂ ಬಂದರು. ಅಬೇದಾಬಿ ಡಾಕ್ಟರ ಮುಂದೆ ಹೇಳಿದ್ದನ್ನೇ ಅವರ ಮುಂದೆಯೂ ಹೇಳಿದಳು. ಕೊಟ್ರಬಸಪ್ಪನ ಪಾಲು ಎಷ್ಟು, ತನ್ನ ಪಾಲು ಎಷ್ಟು ಎಂದು ಕೇಳಿದಾಗ, "ಜಾಗ, ಮಾಲು ತರಿಸೋದು ಅವರದ್ರಿ. ಹಾಕು ಅಂದಿದ್ದು ನಾನು" ಎಂದು ಎರಡನ್ನೂ ಬಿಡಿಸಿ ಹೇಳಿದಳು.

ಹುಲಗಮ್ಮನ ಗಂಟಲಿನಿಂದ ನಳಿಕೆ ತೆಗೆಯಲು ವಾರದ ಮೇಲಾಯಿತು. ಅಷ್ಟರಲ್ಲಿ ಶೆಡ್ಡಿಗೆ ಬೀಗ ಬಿದ್ದಿತ್ತು. ಮುಖಕ್ಕೆ ಕವಚ ಹಾಕಿಕೊಂಡ ಅಧಿಕಾರಿಗಳು ಬಂದು ತೇಜಾಬಿನ ಡ್ರಮ್ಮುಗಳನ್ನು ಲಾರಿಗೆ ಹೇರಿಸಿಕೊಂಡು ಹೋದರು. ಬಾವಿಯ ನೀರನ್ನೂ, ಶೆಡ್ಡಿನ ಹಿಂದಿನ ಮಣ್ಣನ್ನೂ ಬಾಟಲಿಗಳಲ್ಲಿ ತುಂಬಿಕೊಂಡರು. ಕೇಸು ಅಬೇದಾಬಿಯ ಮೇಲೂ ಆಯಿತು, ಕೊಟ್ರಬಸಪ್ಪನ ಮೇಲೂ ಆಯಿತು. ಜಾಮೀನು ಸಿಗುವವರೆಗೆ ಅವಳು ಒಳಗಿದ್ದಳು. ಹೊರಬಂದ ದಿನ ಕೆಲಸ ಕಳೆದುಕೊಂಡ ಹೆಣ್ಣುಮಕ್ಕಳಲ್ಲಿ ಒಬ್ಬಳು ಅವಳನ್ನು ಬಸ್ಸಿನಲ್ಲಿ ಕಂಡು ಮುಖ ತಿರುಗಿಸಿದಳು. ಇನ್ನೊಬ್ಬಳು ಸರಿದು ಕುಳಿತು ಜಾಗ ಕೊಟ್ಟಳು.

ಮುಂದಿನ ವರ್ಷ ಅಬೇದಾಬಿ ಗಂಗಾವತಿಯಲ್ಲಿ, ನಾಲ್ಕೂ ಕಡೆ ಕಿಟಕಿಯಿದ್ದ ಹಳೆಯ ಅಕ್ಕಿ ಗೋದಾಮೊಂದನ್ನು ಬಾಡಿಗೆಗೆ ಹಿಡಿದಳು. ಕಚೇರಿಗಳಿಗೆ ಅಲೆದು ಅಲೆದು ಈ ಸಲ ಅನುಮತಿ ಪಡೆದೇ ಶುರು ಮಾಡಿದಳು. ಅಲ್ಲಿ ಕೆಟ್ಟ ಸಾಮಾನನ್ನು ಬಿಚ್ಚಿ ಬೇರೆ ಬೇರೆ ಮಾಡುವುದಷ್ಟೇ. ತಾಮ್ರ, ಅಲ್ಯುಮಿನಿಯಂ ಇಲ್ಲಿಯೇ ಮಾರಾಟ. ಚಿನ್ನವಿರುವ ಹಲಗೆಗಳು ಬೆಂಗಳೂರು ಕಡೆಯ ಪರವಾನಗಿ ಇದ್ದ ಕಾರ್ಖಾನೆಯೊಂದಕ್ಕೆ ಲಾರಿಯಲ್ಲಿ ಹೋಗುತ್ತಿದ್ದವು. ಮೊದಲಿನಷ್ಟು ಗಿಟ್ಟುತ್ತಿರಲಿಲ್ಲ. ನೂರಸಾಬ ದಿನವೂ ಬಂದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದ.

ಹುಲಗಮ್ಮನನ್ನು ನೋಡಲು ಅಬೇದಾಬಿ ಹಲವು ಸಲ ಗಿಣಿಗೇರಾಕ್ಕೆ ಹೋಗಿ ಯಮನೂರನ ಬಾಗಿಲಿನಿಂದಲೇ ಹಿಂದಿರುಗಿದ್ದಳು. ಬೇಸಿಗೆ ಶುರುವಾಗುವ ಹೊತ್ತಿಗೆ ಮತ್ತೊಮ್ಮೆ ಹೋದಾಗ ಅವನು ಬಾಗಿಲಲ್ಲಿ ಅಡ್ಡ ನಿಲ್ಲಲಿಲ್ಲ. ಹುಲಗಮ್ಮ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಮೈ ಇಳಿದಿತ್ತು.

"ಕೂಡು ಅಕ್ಕಾ" ಎಂದಳು. ಸ್ವಲ್ಪ ಹೊತ್ತು ಶೇಂಗಾ ಸುಲಿದಳು. "ಹೊಳಿ ಮೆಟ್ಟಲ ಹತ್ತಾಕ ಈಗೂ ಆಗಂಗಿಲ್ಲ. ಕೊಡಾ ಹೊರಾಕ ಆಗಂಗಿಲ್ಲ. ಡಾಕ್ಟರಮ್ಮ ಇದು ಹಿಂಗ ಇರ್ತೈತಿ ಅಂದ್ಲು."

"ಗೊತ್ತೈತಿ."

"ನೀ ಹುಡುಕಿಕೊಂಡು ಬರದಿದ್ರ ಆ ಮೆಟ್ಟಲ ಮ್ಯಾಲ ಸಾಯ್ತಿದ್ದೆ. ಅದೂ ಗೊತ್ತೈತಿ ನನಗ. ಆದ್ರ ಸಿಟ್ಟು ಇಳಿವಲ್ದಕ್ಕಾ. ಒಲ್ಲೆ ಅಂದ್ರೂ ಬರ್ತೈತಿ. ಫ್ಯಾನ್ ನಿಂತೈತಿ ಅಂತ ನಾ ಹೇಳಿದ್ದೆ."

"ಹೇಳಿದ್ದಿ. ಕೇಳಬೇಕಾಗಿತ್ತು, ಕೇಳಲಿಲ್ಲ." ಅಬೇದಾಬಿ ಅವಳ ಮುಖ ನೋಡುತ್ತಲೇ ಹೇಳಿದಳು. "ಸಿಟ್ಟು ಇರಲಿ. ನಾ ಮಾಫಿ ಕೇಳಾಕಷ್ಟ ಬಂದಿಲ್ಲ. ಗಂಗಾವತ್ಯಾಗ ಕೆಲಸ ಐತಿ. ಕುರ್ಚಿ ಮ್ಯಾಲ ಕುಂತು ಮಾಡೋದು. ತೇಜಾಬು ಒಂದು ಹನಿ ಇಲ್ಲ. ಹೊಸಾ ಹೆಣ್ಮಕ್ಕಳಿಗೆ ಬಿಚ್ಚೋದು ಕಲಸಾಕ ಒಬ್ರು ಬೇಕಾಗ್ಯಾರ."

ಹುಲಗಮ್ಮ ಸುಲಿದ ಶೇಂಗಾವನ್ನು ಮೊರದಲ್ಲಿ ಕೇರಿ, ಸಿಪ್ಪೆಯನ್ನು ಊದಲು ಬಾಯಿ ತಂದು, ಉಸಿರು ಸಾಲದೆ ಕೈಯಿಂದ ಸರಿಸಿದಳು.

"ನಾ ನಿಲ್ಲಸು ಅಂದ್ರ ಆವಾಗ ಕೆಲಸ ನಿಲ್ಲಬೇಕು" ಎಂದಳು ಕೊನೆಗೆ. "ಯಾಕ ಅಂತ ಕೇಳಬಾರ್ದು. ಯಾರ ಬರ್ಲಿ, ಯಾವ ಲಾರಿ ನಿಂತಿರ್ಲಿ."

"ಆತು."

"ಈಗ ಆತು ಅಂತಿ."

"ಹೆಣ್ಮಕ್ಕಳೆಲ್ಲಾರ ಮುಂದ ಹೇಳ್ತೀನಿ. ಹುಲಗಮ್ಮ ನಿಲ್ಲಸು ಅಂದ್ರ ನನ್ನ ಮಾತು ಯಾರೂ ಕೇಳಬ್ಯಾಡ್ರಿ ಅಂತ."

ಹುಲಗಮ್ಮ ಗಂಡನ ಕಡೆ ನೋಡಿದಳು. ಯಮನೂರ ಬಾಗಿಲ ಚೌಕಟ್ಟಿಗೆ ಒರಗಿ ಅಂಗಳದತ್ತ ನೋಡುತ್ತಿದ್ದ. ಅಬೇದಾಬಿಯ ಕಡೆ ತಿರುಗದೆಯೇ, "ಗಂಗಾವತಿ ಬಸ್ಸಿನ್ಯಾಗ ಮುಂಜಾನಿ ಕೂಡಾಕ ಜಾಗಾ ಸಿಗ್ತೈತೇನು? ಆಕಿಗೆ ನಿಂತು ಬರಾಕ ಆಗಂಗಿಲ್ಲ" ಎಂದ.

"ಗಾಳೆಪ್ಪನ ಗಾಡಿ ದಿನಾ ಇಲ್ಲಿಂದ ಗಂಗಾವತಿಗೆ ಬರ್ತೈತಿ" ಎಂದಳು ಅಬೇದಾಬಿ. "ಮುಂದ ಕೂಡಿಸಿಕೊಂಡು ಬರ್ತಾನ."

ಯಮನೂರ ತಲೆಯಾಡಿಸಿ ಒಳಗೆ ಹೋದ. ಹುಲಗಮ್ಮ ಮೊರವನ್ನು ಅಬೇದಾಬಿಯ ಕಡೆ ಸರಿಸಿದಳು. ಇಬ್ಬರೂ ಬಿಸಿಲು ಕಟ್ಟೆಗೆ ಬರುವವರೆಗೂ ಕುಳಿತು ಶೇಂಗಾ ಸುಲಿದರು.